ಗೋಡೆಗೆ ಪ್ಯಾನೆಲ್ ಹೊಡೆಸುವ ಮೊದಲು

ಕಳೆದ ಜುಲೈನಲ್ಲಿ ನಮ್ಮ ಫ್ಲ್ಯಾಟ್ ನೋಡಲು ಬಂದ ಬ್ರೋಕರ್ ಮಲಗುವ ಕೋಣೆಯ ಗೋಡೆಯ ಮುಂದೆ ಅರ್ಧ ನಿಮಿಷ ನಿಂತರು. ಸೂರಿನ ಮೂಲೆಯಿಂದ ಎದೆಯೆತ್ತರದವರೆಗೆ ಅಲ್ಲಿ ಬಣ್ಣ ಉಬ್ಬಿ, ಹಕ್ಕಳೆ ಎದ್ದು, ಉಪ್ಪಿನಂಥ ಬಿಳಿ ಹುಡಿ ನೆಲಕ್ಕೆ ಉದುರುತ್ತಿತ್ತು. ನಾನು ಮುಜುಗರದಿಂದ, ಮೇಲಿನ ಮನೆಯ ಬಾತ್‌ರೂಮಿನ ಪೈಪು ಸೋರುತ್ತದೆ ಎಂದು ಕಾರಣ ಹೇಳತೊಡಗಿದೆ. ಅವರು ಕೈಯೆತ್ತಿ ತಡೆದರು. “ಮೇಡಂ, ಸೀಲನ್‌ಗೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಪಿವಿಸಿ ಪ್ಯಾನೆಲ್ ಹೊಡೆಸಿ. ಒಂದು ದಿನದ ಕೆಲಸ. ಪಾರ್ಟಿಗೆ ಗೋಡೆಯೇ ಕಾಣಲ್ಲ.”

ಸೀಲನ್ ಅಂದರೆ ಹಿಂದಿಯಲ್ಲಿ ಗೋಡೆಗೆ ಹಿಡಿಯುವ ಪಸೆ. ಪಾರ್ಟಿ ಅಂದರೆ ಮನೆ ಕೊಳ್ಳಲು ಬರುವವರು. ಇವೆರಡರ ನಡುವೆ ಒಂದು ಪ್ಲಾಸ್ಟಿಕ್ ಹಲಗೆ ನಿಲ್ಲಿಸಿದರೆ ವ್ಯಾಪಾರ ಸುಗಮ ಎಂಬುದು ಅವರ ಸಲಹೆಯ ಸಾರ.

ಚಹಾ ಕುಡಿಯುತ್ತ ಅವರು ಒಂದು ಪಟ್ಟಿಯನ್ನೂ ಬರೆಸಿದರು. ಅಡುಗೆಮನೆಯ ಹಳೆಯ ಕಪಾಟು ಕಿತ್ತು ಅಕ್ರಿಲಿಕ್ ಬಾಗಿಲಿನ ಮಾಡ್ಯುಲರ್ ಕಿಚನ್: 1,60,000. ಹಾಲ್‌ಗೆ ಫಾಲ್ಸ್ ಸೀಲಿಂಗ್, ಅದರ ಅಂಚಿನಲ್ಲಿ ಅವಿತ ಎಲ್‌ಇಡಿ ದೀಪ: 45,000. ಬಾತ್‌ರೂಮಿಗೆ ಹೊಸ ನಲ್ಲಿಗಳು, ದುಂಡನೆಯ ಕನ್ನಡಿ: 38,000. ಮನೆಗೆಲ್ಲ ಬಣ್ಣ: 55,000. ಪಸೆಯ ಗೋಡೆಗೆ ಪ್ಯಾನೆಲ್: 22,000. ಒಟ್ಟು 3,20,000. “ಇಷ್ಟು ಹಾಕಿ, ಐದಾರು ಲಕ್ಷ ಜಾಸ್ತಿ ಕೇಳಿ” ಎಂದರು.

ನಮಗೆ ದುಡ್ಡಿನ ಅಗತ್ಯ ಇತ್ತು. ಊರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ನಾವು ಶಿವಮೊಗ್ಗಕ್ಕೆ ಮರಳುವುದೆಂದು ತೀರ್ಮಾನವಾಗಿತ್ತು. ಬ್ಯಾಂಕಿನ ಸಾಲ ತೀರಿಸಿ ಉಳಿದದ್ದರಲ್ಲೇ ಅಲ್ಲಿ ಹೊಸದಾಗಿ ಬದುಕು ಶುರುಮಾಡಬೇಕು. ಗಂಡ ಆ ರಾತ್ರಿ ಹೇಳಿದ: “ಎಲ್ಲರೂ ಮಾಡ್ತಾರೆ. ನಾವೊಬ್ಬರೇ ಹರಿಶ್ಚಂದ್ರನ ಮಕ್ಕಳಾಗಬೇಕಾ?” ಆ ಪ್ರಶ್ನೆಗೆ ಉತ್ತರವಾಗಿ ಬರೆದದ್ದು ಈ ಪ್ರಬಂಧ. ಮಾರುವ ಮೊದಲು ಮನೆಗೆ ಯಾವ ಖರ್ಚು ಮಾಡಬೇಕು, ಯಾವುದು ಬೇಡ ಎಂಬುದನ್ನು ನಾವು ಲಾಭ–ನಷ್ಟದ ಪ್ರಶ್ನೆಯೆಂದಷ್ಟೇ ನೋಡುತ್ತೇವೆ. ಅದು ಮೊದಲಿಗೆ ನಡತೆಯ ಪ್ರಶ್ನೆ. ನನ್ನ ವಾದ ಇಷ್ಟು: ಸರಿಮಾಡಲು ಖರ್ಚು ಮಾಡುವುದು ಮಾರುವವರ ಹೊಣೆ, ಮೆಚ್ಚಿಸಲು ಖರ್ಚು ಮಾಡುವುದು ದುಂದು, ಮುಚ್ಚಲು ಖರ್ಚು ಮಾಡುವುದು ಮೋಸ. ಈ ಮೂರಕ್ಕೂ ‘ಅಪ್‌ಗ್ರೇಡ್’ ಎಂಬ ಒಂದೇ ಹೆಸರಿಟ್ಟು ನಾವು ನಮ್ಮನ್ನೇ ನಂಬಿಸಿಕೊಂಡಿದ್ದೇವೆ.

*

ಮೊದಲು ನನ್ನ ತಪ್ಪೊಪ್ಪಿಗೆ. 2017ರಲ್ಲಿ ಈ ಮನೆಯನ್ನು ನಾವೂ ಬಿಲ್ಡರ್‌ನಿಂದ ಕೊಳ್ಳಲಿಲ್ಲ, ಮೊದಲು ಕೊಂಡವರಿಂದ ಕೊಂಡೆವು. ಆಗ ಇದೇ ಗೋಡೆಗೆ ಬಿದಿರೆಲೆಯ ಚಿತ್ತಾರದ ವಾಲ್‌ಪೇಪರ್ ಇತ್ತು. ನೋಡಲು ಬಂದದ್ದು ಮಾರ್ಚ್ ತಿಂಗಳು, ಗೋಡೆಗಳೆಲ್ಲ ಒಣಗಿರುವ ಕಾಲ. “ಎಷ್ಟು ರುಚಿಯಾಗಿ ಇಟ್ಟುಕೊಂಡಿದ್ದಾರೆ ನೋಡು” ಎಂದು ಮೆಚ್ಚಿಕೊಂಡವಳು ನಾನೇ. ಮೊದಲ ಮಳೆಗಾಲದಲ್ಲಿ ಬಿದಿರೆಲೆಗಳು ಒಂದೊಂದಾಗಿ ಉಬ್ಬಿದವು. ಆಗಸ್ಟಿನಲ್ಲಿ ಒಂದು ಅಂಚು ಹಿಡಿದು ಎಳೆದೆವು. ಹಿಂದೆ ಅಂಗೈಯಗಲದ ಕಪ್ಪು ಬೂಷ್ಟು.

ಆಮೇಲೆ ನಾವು ಮಾಡಿದ್ದೇನು? ಮಾರಿದವರನ್ನು ಬೈದೆವು. ಕಾಗದ ಕಿತ್ತು ಬಣ್ಣ ಬಳಿಸಿದೆವು. ಮರುವರ್ಷ ಮತ್ತೆ ಬಳಿಸಿದೆವು. ಮಂಚವನ್ನು ಇನ್ನೊಂದು ಗೋಡೆಗೆ ಸರಿಸಿ, ಪಸೆಯ ಗೋಡೆಗೆ ಬಟ್ಟೆಯ ಕಪಾಟು ಆನಿಸಿದೆವು. ಮಗಳಿಗೆ ಮಳೆಗಾಲದಲ್ಲಿ ಕೆಮ್ಮು ಬಂದರೆ ರಾತ್ರಿ ಹಾಲ್‌ನಲ್ಲಿ ಮಲಗಿಸಿದೆವು. ಪಸೆ ಮತ್ತು ಬೂಷ್ಟು ಇರುವ ಮನೆಗಳಿಗೂ ಉಸಿರಾಟದ ತೊಂದರೆಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಮಾರ್ಗಸೂಚಿ ಪ್ರಕಟಿಸಿದೆ. ಅವಳ ಕೆಮ್ಮಿಗೆ ಆ ಗೋಡೆಯೇ ಕಾರಣವೆಂದು ಯಾವ ವೈದ್ಯರೂ ಬರೆದುಕೊಡಲಿಲ್ಲ. ದೆಹಲಿಯ ಸುತ್ತಮುತ್ತ ಕೆಮ್ಮಿಗೆ ಕಾರಣಗಳ ಬರವಿಲ್ಲ. ಆದರೂ ಪ್ರತಿ ಜುಲೈಯಲ್ಲಿ ನಾನು ಆ ಗೋಡೆಯನ್ನು ಗುರಾಯಿಸುತ್ತಿದ್ದೆ. ಮೇಲಿನ ಮನೆಯ ಪೈಪಿನವರೆಗೆ ಮಾತ್ರ ಹೋಗಲಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಯವರಿದ್ದರು, ಮಾಲೀಕರು ಬೇರೆ ಊರಿನಲ್ಲಿದ್ದರು, ನಮಗೆ ಪುರಸೊತ್ತಿರಲಿಲ್ಲ. ಹೀಗೆ ನೆವಗಳು ಸಿಕ್ಕುತ್ತಲೇ ಹೋದವು.

ಈಗ ಬ್ರೋಕರ್ ಹೇಳಿದ ಪ್ಯಾನೆಲ್ ಆ ಬಿದಿರೆಲೆಯ ಮೊಮ್ಮಗು. ಹಿಂದಿನವರು ನಮಗೆ ದಾಟಿಸಿದ್ದನ್ನು ನಾವು ಮುಂದಿನವರಿಗೆ ದಾಟಿಸಬೇಕು. ಅವರು ಅದರ ಮುಂದಿನವರಿಗೆ. ಹೀಗೆ ಒಂದು ಪೈಪಿನ ಜಾಯಿಂಟು ಮೂರು ಕುಟುಂಬಗಳನ್ನು ದಾಟಿಯೂ ಸೋರುತ್ತಲೇ ಇರುತ್ತದೆ. ಅಷ್ಟರಲ್ಲಿ ಆ ಗೋಡೆಯ ಮೇಲೆ ಸುರಿದ ಹಣದಲ್ಲಿ ಜಾಯಿಂಟನ್ನು ಹತ್ತು ಸಲ ಬದಲಿಸಬಹುದಿತ್ತು.

*

ನಾನು ಅನುವಾದಕಿ. ಬಿಲ್ಡರ್‌ಗಳ ಬ್ರೋಷರ್‌ಗಳನ್ನೂ ಹೊಟ್ಟೆಪಾಡಿಗೆ ಕನ್ನಡಿಸಿದ್ದೇನೆ. ‘ಅಪ್‌ಗ್ರೇಡ್’ ಬಂದಲ್ಲೆಲ್ಲ ಪೆನ್ನು ತಡೆಯುತ್ತಿತ್ತು. ನಿಘಂಟಿನ ಪದ ‘ಉನ್ನತೀಕರಣ’. ನಮ್ಮ ಕಡೆ ಆ ಪದ ಕೇಳುವುದು ಶಾಲೆಗಳ ವಿಷಯದಲ್ಲಿ: ಕಿರಿಯ ಪ್ರಾಥಮಿಕ ಶಾಲೆ ಉನ್ನತೀಕರಣಗೊಂಡು ಹಿರಿಯ ಪ್ರಾಥಮಿಕ ಆಯಿತು ಅಂದರೆ ಅಲ್ಲಿ ಹೊಸ ತರಗತಿಗಳು ಶುರುವಾದವು ಎಂದರ್ಥ. ಇಲ್ಲದ್ದೊಂದು ಅಲ್ಲಿ ಬಂದಿರುತ್ತದೆ. ಫ್ಲ್ಯಾಟಿನ ಅಪ್‌ಗ್ರೇಡಿನಲ್ಲಿ ಹಾಗೆ ಬರುವುದೇನು? ಒಂಬತ್ತೂವರೆ ಅಡಿ ಎತ್ತರದ ಸೂರು ಫಾಲ್ಸ್ ಸೀಲಿಂಗಿನಿಂದ ಒಂಬತ್ತಡಿಗೆ ಇಳಿಯುತ್ತದೆ. ಕೋಣೆ ಕುಗ್ಗಿದ್ದಕ್ಕೆ ಬೆಲೆ ಏರುತ್ತದೆ.

ಇನ್ನೊಂದು ಕಡೆ ‘ದುರಸ್ತಿ’ ಇದೆ. ಪಾರಸಿಯ ‘ದುರುಸ್ತ್’ನಿಂದ ಬಂದದ್ದು, ಸರಿಯಾದದ್ದು ಎಂಬ ಅರ್ಥದ ಮಾತು. ಹಿಂದಿಯ ‘ಮರಮ್ಮತ್’ ನಮ್ಮಲ್ಲೂ ‘ಮರಾಮತ್ತು’ ಆಗಿ ಹಳೆಯ ಸರಕಾರಿ ಕಾಗದಗಳಲ್ಲಿ ಉಳಿದಿದೆ. ಇವು ಹೊರಗಿನಿಂದ ಬಂದ ಪದಗಳೇ. ಆದರೆ ನೂರಾರು ವರ್ಷ ಬಳಸಿ ನಾವು ನಮ್ಮವೇ ಮಾಡಿಕೊಂಡಿದ್ದೇವೆ, ಏಕೆಂದರೆ ಮನೆ ಇದ್ದವರಿಗೆ ಆ ಕೆಲಸ ತಪ್ಪಿದ್ದಲ್ಲ. ಮಲೆನಾಡಿನಲ್ಲಿ ಅದಕ್ಕೆ ಇನ್ನೂ ಚೆಂದದ ಮಾತಿದೆ: ಹಂಚು ಕೈಯಾಡಿಸುವುದು. ಬೇಸಿಗೆ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ ಮಾಡಿಗೆ ಹತ್ತಿ, ಒಡೆದ ಹಂಚು ತೆಗೆದು, ಸರಿದದ್ದನ್ನು ಸರಿಸಿ, ಕಸ ಗುಡಿಸಿ ಇಳಿಯುತ್ತಾರೆ. ಕೆಳಗೆ ನಿಂತವರಿಗೆ ಏನೂ ಬದಲಾದದ್ದು ಕಾಣುವುದಿಲ್ಲ. ಜೂನಿನಲ್ಲಿ ಜಗಲಿಯ ಮೇಲೆ ಹನಿ ಬೀಳದಿದ್ದಾಗ ಮಾತ್ರ ಕೆಲಸ ಆದದ್ದು ಗೊತ್ತಾಗುತ್ತದೆ.

ಒಳ್ಳೆಯ ದುರಸ್ತಿ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿಯೇ ಮಾರುವವರಿಗೆ ಅದರ ಮೇಲೆ ಆಸಕ್ತಿ ಇಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ನಾವು ಮನುಷ್ಯರಿಗೆ ಹೇಳುತ್ತೇವೆ. ರಿಸೇಲ್ ಫ್ಲ್ಯಾಟುಗಳಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

*

ಗ್ರೇಟರ್ ನೋಯ್ಡಾ ವೆಸ್ಟ್‌ನಲ್ಲಿ ಈ ಥಳಕಿನ ಒತ್ತಡ ಯಾಕಿಷ್ಟು? ಜನ ಇನ್ನೂ ನೋಯ್ಡಾ ಎಕ್ಸ್‌ಟೆನ್ಷನ್ ಎಂದೇ ಕರೆಯುವ ಈ ಊರು ಬಿಸರಖ್, ಪತ್ವಾರಿ, ಶಾಹ್‌ಬೇರಿಯಂಥ ಹಳ್ಳಿಗಳ ಹೊಲಗಳ ನಡುವೆ ಎದ್ದದ್ದು. ಒಂದು ಸೊಸೈಟಿಯಲ್ಲಿ ಒಂದೇ ನಕ್ಷೆಯ ನೂರಾರು ಮನೆಗಳಿರುತ್ತವೆ. ಅದೇ ಹಾಲ್, ಅದೇ ಬಾಲ್ಕನಿ, ಅದೇ ಜಾಗದಲ್ಲಿ ಸಿಂಕು. ಒಂದೇ ಶನಿವಾರ ಒಂದೇ ಟವರಿನಲ್ಲಿ ನಾಲ್ಕು ಮನೆ ನೋಡುವವರಿಗೆ ನೆನಪಿನಲ್ಲಿ ಉಳಿಯುವುದು ದೀಪ, ಕನ್ನಡಿ, ಪ್ಯಾನೆಲ್ಲು. ಹಾಗಾಗಿ ಪ್ರತಿ ಮಾರುವವರೂ ಪಕ್ಕದವರಿಗಿಂತ ಒಂದು ದೀಪ ಹೆಚ್ಚು ಹಾಕಲು ಹೊರಡುತ್ತಾರೆ.

ಇದೇ ಶಾಹ್‌ಬೇರಿಯ ಕತೆ ನೆನಪಿಡಬೇಕಾದದ್ದು. 2011ರಲ್ಲಿ ಅಲ್ಲಿನ ಭೂಸ್ವಾಧೀನ ನ್ಯಾಯಾಲಯದಲ್ಲಿ ರದ್ದಾಯಿತು. ಆಮೇಲೆ ಆ ಜಮೀನಿನಲ್ಲಿ ಮಂಜೂರಾತಿ ಇಲ್ಲದ ಕಟ್ಟಡಗಳು ಸಾಲುಸಾಲಾಗಿ ಎದ್ದವು, ಫ್ಲ್ಯಾಟುಗಳು ಅಗ್ಗಕ್ಕೆ ಮಾರಾಟವಾದವು. 2018ರ ಜುಲೈ 17ರ ರಾತ್ರಿ ಅಕ್ಕಪಕ್ಕದ ಎರಡು ಕಟ್ಟಡಗಳು ಕುಸಿದು ಒಂಬತ್ತು ಜನ ಸತ್ತರು. ನನ್ನ ಗೋಡೆಯ ಪಸೆಗೂ ಆ ದುರಂತಕ್ಕೂ ಸಮ ಮಾಡುವಷ್ಟು ಬುದ್ಧಿಗೇಡಿ ನಾನಲ್ಲ. ಆದರೆ ಒಳಗೇನಿದೆ ಎಂದು ಕೇಳುವುದನ್ನು ಮರೆತ ಪೇಟೆಯಲ್ಲಿ ಚಿಕ್ಕ ಸುಳ್ಳು, ದೊಡ್ಡ ಸುಳ್ಳು ಎರಡಕ್ಕೂ ಅದೇ ಗಿರಾಕಿ. ಗೋಡೆ ತಟ್ಟಿ ನೋಡದವರು ಪಾಯದ ಬಗ್ಗೆಯೂ ಕೇಳುವುದಿಲ್ಲ.

*

ಎದುರು ವಾದಗಳನ್ನು ಒಂದೊಂದಾಗಿ ನೋಡೋಣ. ಎಲ್ಲವನ್ನೂ ನಮ್ಮ ಮನೆಯ ಊಟದ ಮೇಜಿನಲ್ಲೇ ಕೇಳಿದ್ದೇನೆ.

‘ಕೊಳ್ಳುವವರಿಗೂ ಗೊತ್ತಿರುತ್ತದೆ, ಅವರೇ ಪರೀಕ್ಷಿಸಿಕೊಳ್ಳಲಿ.’ ಇದಕ್ಕೆ ಕಾನೂನೇ ಉತ್ತರ ಹೇಳಿದೆ, ಅದೂ 1882ರಲ್ಲಿ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಅನ್ವಯಿಸುವಂತೆ. ಅದರಲ್ಲಿ ಮೊದಲನೆಯದೇ ಇದು: ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇರುವ ಮುಖ್ಯ ದೋಷ ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಅವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಂಡುಹಿಡಿಯಲಾಗದಂಥದ್ದಾದರೆ, ಅದನ್ನು ಹೇಳಬೇಕು. ಹೇಳದಿರುವುದನ್ನು ಅದೇ ಕಲಮು ವಂಚನೆ ಎಂದು ಕರೆಯುತ್ತದೆ. ‘ಸಾಮಾನ್ಯ ಎಚ್ಚರ’ ಎಂಬ ಮಾತನ್ನು ಗಮನಿಸಿ. ಉಬ್ಬಿದ ಬಣ್ಣ ಸಾಮಾನ್ಯ ಎಚ್ಚರಕ್ಕೆ ಕಾಣುತ್ತದೆ. ಪ್ಯಾನೆಲ್ಲಿಗೆ ನಾವು 22,000 ಕೊಡುವುದೇ ಅದು ಕಾಣದಿರಲಿ ಎಂದು. ಅಂದರೆ ನೋಡಿದರೆ ತಿಳಿಯುವ ದೋಷವನ್ನು ನೋಡಿದರೂ ತಿಳಿಯದ ದೋಷವಾಗಿ ಮಾರ್ಪಡಿಸುತ್ತೇವೆ. ಪಸೆ ಎಷ್ಟರಮಟ್ಟಿಗೆ ‘ಮುಖ್ಯ’ ಎಂದು ವಕೀಲರು ವಾದಿಸಲಿ; ಪ್ಯಾನೆಲ್ ಹೊಡೆಸುವಾಗ ನಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದರ ಬಗ್ಗೆ ವಾದ ಬೇಕಿಲ್ಲ.

‘ಖರ್ಚು ಮಾಡಿದ್ದು ಬೆಲೆಯಲ್ಲಿ ವಾಪಸು ಬರುತ್ತದೆ.’ ಕೆಲವೊಮ್ಮೆ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ನಮ್ಮ ಸೊಸೈಟಿಯ ಗೇಟಿನಾಚೆ ಖಾಲಿ ಜಾಗದಲ್ಲಿ ಒಮ್ಮೆ ನಿಂತು ನೋಡಿ. ಹೊಸಬರು ಬಂದ ತಿಂಗಳಲ್ಲೇ ಕಿತ್ತೆಸೆದ ಕಿಚನ್ ಕಪಾಟುಗಳು, ಇನ್ನೂ ಹೊಳಪು ಮಾಸದ ಬಾಗಿಲುಗಳು, ಒಡೆದ ಜಿಪ್ಸಂ ಹಲಗೆಗಳು ಅಲ್ಲಿ ಬಿದ್ದಿರುತ್ತವೆ. ಒಲೆ ಆಗ್ನೇಯಕ್ಕೆ ಬೇಕು, ಬಣ್ಣ ಅತ್ತೆಗೆ ಒಗ್ಗಲಿಲ್ಲ, ಫ್ರಿಜ್ಜಿಗೆ ಜಾಗ ಸಾಲಲಿಲ್ಲ. ಅಡುಗೆಮನೆ ಅಡುಗೆ ಮಾಡುವವರ ಕೈಯಳತೆಗೆ ಆಗಬೇಕಾದದ್ದು; ಯಾರೋ ಅಪರಿಚಿತರ ಕೈಯನ್ನು ಊಹಿಸಿ 1,60,000 ಹಾಕುವುದಕ್ಕಿಂತ ಅದನ್ನು ಬೆಲೆಯಲ್ಲಿ ಬಿಟ್ಟುಕೊಟ್ಟು ಅವರಿಗೆ ಬೇಕಾದ ಹಾಗೆ ಮಾಡಿಸಿಕೊಳ್ಳಲು ಬಿಡುವುದು ಮರ್ಯಾದೆ. ನಿಮಗೆ ಹೊಸ ಅಡುಗೆಮನೆಯ ಆಸೆ ಇದ್ದರೆ ಮಾರುವ ಐದು ವರ್ಷ ಮೊದಲು ಮಾಡಿಸಿ, ಅದರಲ್ಲಿ ಒಗ್ಗರಣೆ ಹಾಕಿ. ಒಂದು ದಿನವೂ ಬಳಸದ ಸೌಕರ್ಯವನ್ನು ಬಿಟ್ಟುಹೋಗುವ ಮನೆಗೆ ಮಾಡಿಸುವುದಕ್ಕಿಂತ ವಿಚಿತ್ರ ಇನ್ನೊಂದಿಲ್ಲ.

‘ತೆರಿಗೆಯಲ್ಲಿ ಉಳಿಯುತ್ತದೆ.’ ಇದು ನನ್ನ ವಾದಕ್ಕೆ ನಿಜವಾಗಿಯೂ ಅಡ್ಡ ಬರುವ ಮಾತು. ಆದಾಯ ತೆರಿಗೆಯ ಲೆಕ್ಕದಲ್ಲಿ ಮನೆಗೆ ಮಾಡಿದ ಸೇರ್ಪಡೆ, ಮಾರ್ಪಾಡುಗಳ ಬಂಡವಾಳ ವೆಚ್ಚವನ್ನು ಮನೆಯ ಅಸಲು ಬೆಲೆಗೆ ಕೂಡಿಸಬಹುದು. ಬಣ್ಣ, ಸಣ್ಣಪುಟ್ಟ ರಿಪೇರಿಗಳನ್ನು ಸಾಮಾನ್ಯವಾಗಿ ಕೂಡಿಸುವಂತಿಲ್ಲ. ಕಾನೂನು ಇಲ್ಲಿ ಥಳಕಿನ ಪಕ್ಷ. ಆದರೂ ಲೆಕ್ಕ ಹಾಕಿ: 2024ರ ಜುಲೈ ಬಜೆಟ್ಟಿನ ನಂತರ ದೀರ್ಘಾವಧಿ ಲಾಭದ ಮೇಲೆ ಸೂಚ್ಯಂಕದ ಅನುಕೂಲವಿಲ್ಲದೆ ತೆರಿಗೆ ಶೇ. 12.5. ನೂರು ರೂಪಾಯಿ ಖರ್ಚು ಮಾಡಿದರೆ ಹೆಚ್ಚುಕಡಿಮೆ ಹನ್ನೆರಡೂವರೆ ಉಳಿಯುತ್ತದೆ. ಹನ್ನೆರಡೂವರೆ ಉಳಿಸಲು ನೂರು ಸುರಿಯುವುದು ಉಳಿತಾಯವೇ? ಬಿಲ್ಲುಗಳನ್ನು ಮಾತ್ರ ಜೋಪಾನವಾಗಿ ಇಡಿ, ಖರ್ಚು ಯಾವುದಾದರೂ ಸರಿ.

‘ಎಲ್ಲರೂ ಮಾಡ್ತಾರೆ.’ ಇದೇ ಎಲ್ಲಕ್ಕಿಂತ ಗಟ್ಟಿ ವಾದ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯ ಬಗ್ಗೆ ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ತಿರುಳು ಸರಳ: ಕಾರಿನ ದೋಷ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲ ಕಾರುಗಳನ್ನೂ ಸಂಶಯದಿಂದ ನೋಡಿ ಎಲ್ಲಕ್ಕೂ ಕಡಿಮೆ ಬೆಲೆ ಕಟ್ಟುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರದೆ ಹಿಂದೆ ಸರಿಯುತ್ತಾರೆ. ಪೇಟೆಯಲ್ಲಿ ಉಳಿಯುವುದು ಡಕೋಟ ಕಾರುಗಳೇ. ನಮ್ಮ ರಿಸೇಲ್ ಪೇಟೆಯಲ್ಲೂ ಆಗುತ್ತಿರುವುದು ಇದೇ. ಈಗ ಪ್ಯಾನೆಲ್ ಕಂಡರೆ ಅನುಭವಸ್ಥರು ಹಿಂದೆ ಪಸೆ ಇದೆ ಎಂದೇ ಊಹಿಸುತ್ತಾರೆ. ಬರೀ ಚೆಂದಕ್ಕೆಂದು ಹೊಡೆಸಿದವರೂ ಆ ಅನುಮಾನದ ದಂಡ ತೆರುತ್ತಾರೆ. ಎಲ್ಲರೂ ಮಾಡುವುದರಿಂದ ಅದು ಸರಿಯಾಗುವುದಿಲ್ಲ, ಎಲ್ಲರಿಗೂ ದುಬಾರಿಯಾಗುತ್ತದೆ.

*

ಹಾಗಾದರೆ ಏನು ಮಾಡಬೇಕು? ನನ್ನ ಪಟ್ಟಿ ಬ್ರೋಕರ್ ಪಟ್ಟಿಗಿಂತ ಚಿಕ್ಕದು, ಕ್ರಮ ಮಾತ್ರ ಬದಲಿಸಬೇಡಿ.

ಮೊದಲು ಕಾಗದ. ಗ್ರೇಟರ್ ನೋಯ್ಡಾ ಪ್ರಾಧಿಕಾರ 1991ರಲ್ಲಿ ಹುಟ್ಟಿದ್ದು. ಇಲ್ಲಿ ವಸತಿ ಸಮುಚ್ಚಯದ ನೆಲ 90 ವರ್ಷದ ಗುತ್ತಿಗೆಯದು. ನೋಂದಣಿಯಾದ ಮನೆಯನ್ನು ಮರುಮಾರಾಟ ಮಾಡಲು ಪ್ರಾಧಿಕಾರದ ವರ್ಗಾವಣೆ ಒಪ್ಪಿಗೆ ಬೇಕು, ಎಲ್ಲರ ಬಾಯಲ್ಲಿ ಅದು ‘ಟಿಎಂ’. ಬಿಲ್ಡರ್‌ಗಳು ಪ್ರಾಧಿಕಾರಕ್ಕೆ ಬಾಕಿ ಉಳಿಸಿಕೊಂಡದ್ದರಿಂದ ನೋಯ್ಡಾ, ಗ್ರೇಟರ್ ನೋಯ್ಡಾಗಳಲ್ಲಿ ಸಾವಿರಾರು ಕುಟುಂಬಗಳು ದುಡ್ಡು ಕೊಟ್ಟು, ಒಳಗೆ ಬಂದು ವಾಸವಿದ್ದರೂ ರಿಜಿಸ್ಟ್ರಿ ಇಲ್ಲದೆ ವರ್ಷಗಟ್ಟಲೆ ಕಾದಿವೆ. ಅಮಿತಾಭ್ ಕಾಂತ್ ಸಮಿತಿಯ ಶಿಫಾರಸುಗಳನ್ನು ಒಪ್ಪಿ ಉತ್ತರ ಪ್ರದೇಶ ಸರಕಾರ 2023ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿದ್ದು ಈ ಗಂಟನ್ನು ಬಿಡಿಸಲೆಂದೇ. ಇಂಥ ಊರಿನಲ್ಲಿ ರಿಜಿಸ್ಟ್ರಿಗಿಂತ ದೊಡ್ಡ ಅಪ್‌ಗ್ರೇಡ್ ಇದೆಯೇ? ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ, ಬ್ಯಾಂಕಿನ ಸಾಲದ ಲೆಕ್ಕ, ವಿದ್ಯುತ್ ಬಿಲ್ಲು ಇವೆಲ್ಲ ಒಂದು ಫೈಲಿನಲ್ಲಿರಲಿ. ಬೆಂಗಳೂರಿನವರು ಇ-ಖಾತಾ ಎಂದು ಓದಿಕೊಳ್ಳಿ. ಊರು ಬೇರೆ, ಸಂಕಟ ಒಂದೇ.

ಎರಡನೆಯದು ನೀರು. ಸೋರುವುದು, ಜಿನುಗುವುದು, ಕಟ್ಟಿಕೊಳ್ಳುವುದು. ಎಲ್ಲಿಂದ ಬರುತ್ತಿದೆಯೋ ಅಲ್ಲಿಯೇ ನಿಲ್ಲಿಸಬೇಕು. ಮನೆ ಕೈಗೆ ಬಂದು ಐದು ವರ್ಷ ಆಗಿರದಿದ್ದರೆ ರೇರಾ ಕಾಯ್ದೆಯ 14ನೇ ಕಲಮು ನೋಡಿ: ರಚನೆ ಅಥವಾ ಕೆಲಸದ ದೋಷವನ್ನು ಗಮನಕ್ಕೆ ತಂದ ಮೇಲೆ ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಆ ಐದು ವರ್ಷಗಳನ್ನು ವಾಲ್‌ಪೇಪರ್ ಅಂಟಿಸಿ ಕಳೆದವರು ತಮ್ಮ ಹಕ್ಕನ್ನೇ ಅಂಟಿಸಿ ಮುಚ್ಚಿದಂತೆ.

ಮೂರನೆಯದು ಕರೆಂಟು ಮತ್ತು ಕೈಗೆ ಸಿಗುವ ವಸ್ತುಗಳು. ಕಿಡಿ ಹಾರುವ ಸ್ವಿಚ್ಚು, ಅರ್ತಿಂಗ್ ಇಲ್ಲದ ಗೀಸರ್ ಪಾಯಿಂಟು, ಜಾರದ ಕಿಟಕಿ, ಗಡಸು ನೀರಿಗೆ ಕಲ್ಲುಕಟ್ಟಿದ ನಲ್ಲಿ. ನಾಲ್ಕನೆಯದು ಬಣ್ಣ, ಅದೂ ಗೋಡೆ ಒಣಗಿದ ಮೇಲೆ. ಶುಚಿಯಾದ ಮನೆ ತೋರಿಸುವುದು ಮೋಸವಲ್ಲ. ಮದುವೆಗೆ ಹೋಗುವಾಗ ಮುಖ ತೊಳೆದ ಹಾಗೆ. ಅಲ್ಲಿಗೆ ನಿಲ್ಲಿಸಿ.

ದೆಹಲಿಯ ಸುತ್ತಮುತ್ತಲಿನವರಿಗೆ ಇನ್ನೊಂದು ಮಾತು. ಚಳಿಗಾಲದಲ್ಲಿ ಗಾಳಿ ಕೆಟ್ಟು ‘ಗ್ರಾಪ್’ ಮೂರನೇ ಹಂತ ಜಾರಿಯಾದರೆ ಒಡೆಯುವ, ದೂಳೆಬ್ಬಿಸುವ ಕೆಲಸ ನಿಲ್ಲಬೇಕು. ಬಡಗಿ ಕೆಲಸ, ಒಳಾಲಂಕಾರಕ್ಕೆ ಅಡ್ಡಿ ಇರುವುದಿಲ್ಲ. ಅಂದರೆ ಡಿಸೆಂಬರಿನಲ್ಲಿ ಎಚ್ಚೆತ್ತವರಿಗೆ ಸುಲಭವಾಗಿ ಒದಗುವುದು ಪ್ಯಾನೆಲ್ಲೇ. ಬಾತ್‌ರೂಮ್ ಅಗೆಸುವುದಿದ್ದರೆ ದಸರೆಗೆ ಮುಂಚೆ ಮುಗಿಸಿ.

*

ನಾವು ಮಾಡಿದ್ದು ಹೀಗೆ. ಮೇಲಿನ ಮನೆಯ ಮಾಲೀಕರ ನಂಬರು ಹುಡುಕಿ ಫೋನ್ ಮಾಡಿದೆ. ಮೊದಲ ಎರಡು ಸಲ ಅವರು ಬಿಲ್ಡರ್ ಕಡೆಗೆ ಬೆರಳು ತೋರಿಸಿದರು. ಮೂರನೇ ಸಲ ಗೋಡೆಯ ವಿಡಿಯೊ ಕಳಿಸಿ, ಖರ್ಚಿನಲ್ಲಿ ಅರ್ಧ ನಮ್ಮದು ಎಂದೆ. ಒಪ್ಪಿದರು. ಏಳು ವರ್ಷಕ್ಕೂ ಮೇಲೆ ನಾನು ಮಾಡದೆ ಉಳಿಸಿದ ಫೋನು ಒಟ್ಟು ಇಪ್ಪತ್ತು ನಿಮಿಷದ್ದು. ಪ್ಲಂಬರ್ ಅವರ ಬಾತ್‌ರೂಮಿನ ಮೂಲೆ ಅಗೆದಾಗ ಸಿಕ್ಕಿದ್ದು ಬಿರುಕು ಬಿಟ್ಟ ಒಂದು ಜಾಯಿಂಟು, ಮುಷ್ಟಿಯಷ್ಟು ದೊಡ್ಡದು.

ಪೈಪು, ವಾಟರ್‌ಪ್ರೂಫಿಂಗ್, ಟೈಲು ಸೇರಿ 31,000; ನಮ್ಮ ಪಾಲು 15,500. ನಮ್ಮ ಗೋಡೆಯ ಗಾರೆ ಕೆತ್ತಿ ಮತ್ತೆ ಹಾಕಲು 12,000. ಅದನ್ನು ಎರಡು ತಿಂಗಳು ಒಣಗಲು ಬಿಟ್ಟೆವು. ಸ್ವಿಚ್ಚು, ಕಿಟಕಿ, ನಲ್ಲಿಗಳಿಗೆ 11,500. ಬಣ್ಣಕ್ಕೆ 52,000. ಒಟ್ಟು 91,000. ಅಗೆದಾಗ, ಕೆತ್ತಿದಾಗ, ಒಣಗಿದಾಗ ತೆಗೆದ ಫೋಟೊಗಳನ್ನೂ ಬಿಲ್ಲುಗಳನ್ನೂ ಮನೆಪತ್ರಗಳ ಫೈಲಿಗೇ ಸೇರಿಸಿದೆ.

ಬಂದವರಿಗೆಲ್ಲ ಆ ಗೋಡೆಯನ್ನು ಮೊದಲು ತೋರಿಸಿದೆ. ಬ್ರೋಕರ್ ಹಣೆ ಚಚ್ಚಿಕೊಂಡರು. ಇಬ್ಬರು ಫೋಟೊ ನೋಡಿಯೇ ಹೊರಟರು. ಅಂದು ರಾತ್ರಿ ನಾನೂ ಗಂಡನೂ ಮಾತಾಡಲಿಲ್ಲ. ಮೂರನೆಯವರು ಗಂಡ, ಹೆಂಡತಿ ಮತ್ತು ಆತನ ತಾಯಿ. ಆ ಹಿರಿಯರು ಗೋಡೆಗೆ ಅಂಗೈಯಿಟ್ಟು ಕೇಳಿದರು: “ಬೇಟಾ, ಇನ್ನು ಸೋರೋದಿಲ್ಲ ತಾನೇ?” ಹಾಗೆ ಮಾತು ಕೊಡಲಾರೆ, ಈ ಜಾಯಿಂಟು ಸೋರುವುದಿಲ್ಲ, ಮುಂದೆ ಏನಾದರೂ ಆದರೆ ಮೇಲಿನ ಮಾಲೀಕರ ನಂಬರು ಈ ಫೈಲಿನಲ್ಲಿದೆ, ಅವರು ಒಪ್ಪುವ ಮನುಷ್ಯರು ಎಂದೆ. ಅವರ ಮಗ ಆ ಗೋಡೆಯ ಹೆಸರಲ್ಲೇ ಚೌಕಾಸಿ ಮಾಡಿ 70,000 ಇಳಿಸಿದ. ಬಯಾನಾ ಕೊಟ್ಟು ಹೋದರು. ಜನವರಿಯಲ್ಲಿ ರಿಜಿಸ್ಟ್ರಿ ಆಯಿತು.

ಪಕ್ಕದ ಟವರಿನಲ್ಲಿ ಪಸೆಗೆ ಪ್ಯಾನೆಲ್ ಹೊಡೆಸಿ, ಸೀಲಿಂಗು, ಕಿಚನ್ನು ಎಲ್ಲ ಸೇರಿ ಮೂರು ಲಕ್ಷ ಹಾಕಿದವರ ಮನೆ ಅದೇ ತಿಂಗಳು ಹೋಯಿತು. ಅವರಿಗೆ ನಮಗಿಂತ ಎರಡೂವರೆ ಲಕ್ಷ ಹೆಚ್ಚು ಸಿಕ್ಕಿತು. ಪ್ರಾಮಾಣಿಕತೆಗೆ ಪೇಟೆಯಲ್ಲಿ ಬೆಲೆ ಇದೆ ಎಂದು ಬರೆದು ಈ ಪ್ರಬಂಧವನ್ನು ಮುಗಿಸುವ ಆಸೆ ನನಗೂ ಇತ್ತು. ಅಂಕಿ ಹಾಗೆ ಹೇಳುವುದಿಲ್ಲ. ನಮ್ಮ ಖರ್ಚು 91,000, ಅವರದು ಮೂರು ಲಕ್ಷ. ಅವರ ಖರ್ಚು 2,09,000 ಹೆಚ್ಚು, ಬೆಲೆ 2,50,000 ಹೆಚ್ಚು. ಮಹಡಿ ಬೇರೆಯಾದ್ದರಿಂದ ಹೋಲಿಕೆ ಕರಾರುವಾಕ್ಕಲ್ಲ. ಆದರೂ ಲೆಕ್ಕ ಹಾಕಿದರೆ ಅವರು ನಮಗಿಂತ 41,000 ರೂಪಾಯಿ ಮುಂದಿದ್ದಾರೆ.

ಹರಿಶ್ಚಂದ್ರನ ಮಾತೆತ್ತಿದ ಗಂಡನಿಗೆ ಈ ಲೆಕ್ಕ ತೋರಿಸಿದೆ. ಅವನು ಎರಡು ಸಲ ನೋಡಿ, “ಇಷ್ಟೇನಾ?” ಅಂದ. ಹರಿಶ್ಚಂದ್ರ ರಾಜ್ಯ ಕಳೆದುಕೊಂಡ, ಮಡದಿ ಮಗನನ್ನು ಮಾರಿದ, ಮಸಣ ಕಾದ. ನಮ್ಮಿಂದ ಕೇಳಿದ್ದು 41,000 ರೂಪಾಯಿ. ಈ ಜುಲೈಯಲ್ಲಿ ಮಳೆ ಹಿಡಿದಾಗ ಆ ಹಿರಿಯರು ಆ ಕೋಣೆಯಲ್ಲಿ ಮಲಗಿರುತ್ತಾರೆ, ಮಗಳ ಹಳೆಯ ಮಂಚ ಇದ್ದ ಜಾಗದಲ್ಲೇ. ಅವರು ನಮ್ಮನ್ನು ಬೈಯಲು ಕಾರಣವಿರುವುದಿಲ್ಲ. ಪಕ್ಕದ ಟವರಿನಲ್ಲಿ ಯಾರೋ ಒಬ್ಬರು ಪ್ಯಾನೆಲ್ಲಿನ ಅಂಚು ಹಿಡಿದು ಎಳೆಯುತ್ತಿರುತ್ತಾರೆ.

ನೀವೂ ಮನೆ ಮಾರಲು ಹೊರಟಿದ್ದರೆ, ಬ್ರೋಕರನ್ನು ಕರೆಯುವ ಮೊದಲು ಪ್ಲಂಬರನ್ನು ಕರೆಯಿರಿ.